ಬಣ್ಣುವಿನ ಹೊಟ್ಟೆ

1/7

ಆಗಸ್ಟಿನಲ್ಲಿ ಹಾಕಿದ ಫೋಟೋ ನಿಮಗೆ ನೆನಪಿರಬಹುದು. ನೀಲಿ ಮೈ, ಕಿತ್ತಳೆ ಗೆರೆ, ಮುಖದ ಮೇಲೆ ಹಸಿರು. "ಎಡಿಟ್ ಮಾಡಿದ್ದಲ್ವಾ ಮಾರಾಯ" ಅಂತ ಅರ್ಧ ಕ್ಲಾಸು ಮೆಸೇಜ್ ಹಾಕಿತ್ತು. ಬಣ್ಣ ಎಡಿಟ್ ಮಾಡಿರಲಿಲ್ಲ. ಆದ್ರೆ ಕ್ರಾಪ್ ಮಾಡಿದ್ದೆ. ಹೊಟ್ಟೆ ಕಾಣದ ಹಾಗೆ.

ಇವತ್ತಿನ ಮೊದಲ ಫೋಟೋ ಅದೇ, ಕ್ರಾಪ್ ಮಾಡದ್ದು. ಎದೆಯ ರೆಕ್ಕೆಯ ಹಿಂದೆ ನೋಡಿ. ಹೊಟ್ಟೆ ಒಳಗೆ ಹೋಗಿದೆ, ಬೆನ್ನಿನ ಅಂಚು ಎದ್ದು ಕಾಣ್ತದೆ. 'ಬ್ಯೂಟಿಫುಲ್' ಅಂತ ಕಮೆಂಟ್ ಹಾಕಿದವರೆಲ್ಲ ನೋಡಿದ್ದು ಹಸಿವಿನಿಂದ ಸಾಯ್ಲಿಕ್ಕೆ ಹೊರಟ ಒಂದು ಮೀನನ್ನು. ನಿಮ್ಮ ತಪ್ಪಲ್ಲ. ಗೊತ್ತಿದ್ದೂ ಹಾಕಿದವ ನಾನು.

ಆಮೇಲೆ ಮೀನಿನ ಫೋಟೋ ಯಾಕಿಲ್ಲ ಅಂತ ಕೇಳ್ತಿದ್ರಲ್ಲ, ಅದಕ್ಕೆ ಈ ಉದ್ದ ಕಥೆ. ಏಳು ಪೋಸ್ಟ್ ಆಗ್ತದೆ. ಬೋರಾದ್ರೆ ಐದನೆಯದಕ್ಕೆ ಹೋಗಿ, ಅದರಲ್ಲಿ ಅಜ್ಜಿ ಇದ್ದಾರೆ.

2/7

ಮೀನಿನ ಹೆಸರು ಮ್ಯಾಂಡರಿನ್. ನಮ್ಮ ಮನೆಯಲ್ಲಿ ಬಣ್ಣು. ಮೊದಲ ದಿನ ಅಜ್ಜಿ ನೋಡಿ "ಇದೆಂತ, ಆಟದ ಬಣ್ಣದ ವೇಷದ ಹಾಗುಂಟಲ್ಲ" ಅಂದ್ರು. ಅಲ್ಲಿಂದ ಬಣ್ಣು ಆಯ್ತು.

ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಹವಳದ ಬಂಡೆಗಳ ಮೀನು ಇದು. ಪೂರ್ತಿ ಬೆಳೆದ್ರೂ ನಿಮ್ಮ ತೋರುಬೆರಳಿನಷ್ಟೇ. ಮೈಮೇಲೆ ಹುರುಪೆ ಇಲ್ಲ, ಕೆಟ್ಟ ವಾಸನೆಯ ಲೋಳೆ ಉಂಟು. ಮತ್ತೆ ಆ ನೀಲಿ. ನವಿಲುಗರಿಯದ್ದು, ಮಿಂಚುಳ್ಳಿಯದ್ದು ನಿಜವಾದ ನೀಲಿ ಬಣ್ಣ ಅಲ್ಲ ಮಾರ್ರೆ, ಗರಿಯ ಸೂಕ್ಷ್ಮ ರಚನೆಗೆ ಬೆಳಕು ಬಡಿದು ಹಾಗೆ ಕಾಣುವುದು. ಮ್ಯಾಂಡರಿನ್ ಮೀನಿನ ಚರ್ಮದ ಜೀವಕೋಶದ ಒಳಗೇ ನೀಲಿ ಬಣ್ಣದ ಕಣ ಉಂಟು. 1995ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ರು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದು ತೀರಾ ಅಪರೂಪ. ನಾನು ಬಿದ್ದದ್ದು ಆ ನೀಲಿಗೇ.

ನನ್ನ ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸುಮಾರು 54 ಲೀಟರ್. ಒಂದು ವರ್ಷದಿಂದ ಅದರಲ್ಲಿ ಎರಡು ಕ್ಲೌನ್ ಮೀನು ಚೆನ್ನಾಗಿಯೇ ಇದ್ದವು. ಇವನ್ನು ನಮ್ಮ ದೇಶದಲ್ಲೇ ಹ್ಯಾಚರಿಯಲ್ಲಿ ಮರಿ ಮಾಡ್ತಾರೆ, ಹಾಕಿದ್ದನ್ನು ತಿಂತಾವೆ, ಕಷ್ಟ ಇಲ್ಲ. "ಕೋರಲ್ ಎಲ್ಲಿ?" ಅಂತ ಪ್ರತಿ ಸಲ ಒಬ್ಬರಾದ್ರೂ ಕೇಳ್ತೀರಿ. ಬಂಡೆ ಕಟ್ಟುವ ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಉಂಟು, ಹುಲಿ ಆನೆ ಇರುವ ಅದೇ ಪಟ್ಟಿ. ನನ್ನದು ಬರೀ ಕಲ್ಲು, ಕಡಲ ಪಾಚಿ. ನಮ್ಮ ರಾಜ್ಯದ ಹವಳ ನೋಡ್ಬೇಕಾದ್ರೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ರ ಮುಳುಗಿ ನೋಡಿ.

ರಜೆಯಲ್ಲಿ ಮಾವನ ಮನೆಯಲ್ಲಿ ಅಡಿಕೆ ಸುಲಿದ ದುಡ್ಡು ಕೈಯಲ್ಲಿತ್ತು. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. "ಎಲ್ಲ ತಿನ್ನುತ್ತೆ ಬ್ರೋ, ಏನೂ ತೊಂದ್ರೆ ಇಲ್ಲ" ಅಂದ್ರು. ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ, ಹಾಗಾಗಿ ಬೇರೆ ಯಾರನ್ನೂ ಕೇಳ್ಲಿಲ್ಲ.

ಜುಲೈ ಎರಡನೇ ವಾರ, ರಾತ್ರಿ ಬಸ್ಸಿಗೆ ಥರ್ಮಾಕೋಲ್ ಬಾಕ್ಸ್ ಹಾಕಿದ್ರು. ಬೆಳಗಿನ ಜಾವ ನಾಲ್ಕೂವರೆಗೆ ನೆಲ್ಯಾಡಿ ಪೇಟೆಯಲ್ಲಿ ಕೊಡೆ ಹಿಡಿದು ನಿಂತೆ. ಶಿರಾಡಿ ಘಾಟಿಯಲ್ಲಿ ಬ್ಲಾಕ್. ಬಸ್ಸು ಬಂದದ್ದು ಏಳೂಮುಕ್ಕಾಲಿಗೆ. ಹೈವೇ ಕೆಸರಿನಲ್ಲಿ ನಿಂತು ಬಾಕ್ಸಿನ ಟೇಪು ಬಿಚ್ಚಿ ನೋಡಿದೆ. ಪ್ಲಾಸ್ಟಿಕ್ ಚೀಲದ ಮೂಲೆಯಲ್ಲಿ ಕಣ್ಣು ತಿರುಗಿಸ್ತಾ ಇತ್ತು. ಬದುಕಿತ್ತು.

3/7

ಪೆಲೆಟ್ ಹಾಕಿದೆ. ನೋಡ್ಲಿಲ್ಲ. ಫ್ರೋಜನ್ ಸಿಗಡಿ ತುರಿದು ಹಾಕಿದೆ. ಒಂದು ತುಂಡು ಮೂಗಿನ ಎದುರೇ ಬಿತ್ತು. ಬಣ್ಣು ತಲೆ ಓರೆ ಮಾಡಿ ಒಂದು ಕಣ್ಣಿಂದ ನೋಡಿತು, ಮತ್ತೊಂದು ಕಣ್ಣಿಂದ ನೋಡಿತು, ಬಾಯಿಗೆ ಎಳೆದುಕೊಂಡು ಉಗುಳಿತು. ಅಷ್ಟರಲ್ಲಿ ಕ್ಲೌನ್‌ಗಳು ಬಂದು ಎಲ್ಲ ಖಾಲಿ ಮಾಡಿದವು.

ಆದ್ರೆ ದಿನವಿಡೀ ಕಲ್ಲಿನ ಮೇಲೆ ಎಂತದ್ದೋ ಹೆಕ್ಕುತ್ತಾ ಇರ್ತಿತ್ತು. ಹೆಕ್ಕುವುದು ಕಂಡಾಗ ನನಗೆ ಸಮಾಧಾನ, ತಿಂತಾ ಉಂಟಲ್ಲ ಅಂತ. ಆಮೇಲೆ ಓದಿದ್ದು: ಅದು ಹೆಕ್ಕುವುದು ಕೋಪಿಪಾಡ್‌ಗಳನ್ನು. ಸಿಗಡಿ, ಏಡಿಗಳ ಜಾತಿಗೇ ಸೇರಿದ, ಸಾಸಿವೆ ಕಾಳಿಗಿಂತಲೂ ಸಣ್ಣ ಜೀವಿ. ಕಲ್ಲಿನ ಸಂದಿಯಲ್ಲಿ, ಪಾಚಿಯ ಬುಡದಲ್ಲಿ ಓಡಾಡ್ತಾವೆ. ಮ್ಯಾಂಡರಿನ್ ಮೀನು ಬೆಳಗ್ಗಿಂದ ಸಂಜೆವರೆಗೆ ಒಂದೊಂದನ್ನೇ ಹುಡುಕಿ ತಿನ್ನುವ ಹಾಗೆ ಆದ ಮೀನು. ನಮ್ಮ ಹಾಗೆ ಎರಡು ಹೊತ್ತು ಬಡಿಸಿದ್ರೆ ಆಗುವುದಿಲ್ಲ. ಇದನ್ನು ಸಾಕುವವರು ಹಳೆಯ ಕಲ್ಲು ತುಂಬಿದ, ಮುನ್ನೂರು ಲೀಟರಿಗೆ ಕಮ್ಮಿಯಿಲ್ಲದ ಟ್ಯಾಂಕು ಬೇಕು ಅಂತಾರೆ.

54 ಲೀಟರ್! ನಮ್ಮ ಕಡೆಯವರಿಗೆ ಹೀಗೆ ಹೇಳಿದ್ರೆ ಅರ್ಥ ಆದೀತು: ಘಾಟಿಯ ಕಾಡಿನಿಂದ ಆನೆ ಇಳಿದು ಬಂದು ಒಂದು ಮನೆಯ ಹಿತ್ತಿಲಿನಲ್ಲಿ ಬೇಲಿಯೊಳಗೆ ಸಿಕ್ಕಿಬಿದ್ದ ಹಾಗೆ. ಎರಡು ದಿನಕ್ಕೆ ಬಾಳೆ ಮುಗೀತದೆ. ಆಮೇಲೆ?

ಫೋನಿನಲ್ಲಿ ಟೈಮರ್ ಇಟ್ಟು ಎಣಿಸಿದೆ. ಬಂದ ವಾರ ನಿಮಿಷಕ್ಕೆ ಹನ್ನೆರಡು, ಹದಿಮೂರು ಸಲ ಕಲ್ಲಿಗೆ ಬಾಯಿ ಹಾಕ್ತಿತ್ತು. ನಾಲ್ಕನೇ ವಾರಕ್ಕೆ ನಾಲ್ಕು. ತಿನ್ಲಿಕ್ಕೆ ಮನಸ್ಸಿಲ್ಲದೆ ಅಲ್ಲ. ಕಲ್ಲಿನ ಮೇಲೆ ಎಂತದ್ದೂ ಉಳಿದಿರಲಿಲ್ಲ. ಅದೇ ವಾರ ನಾನು ಆ ಫೋಟೋ ಹಾಕಿದ್ದು.

4/7

ಮೊದಲು ಹೊಳೆದ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ. ಕಡಲಿಂದ ನೀರು ತಂದು ಸುರಿದ್ರೆ ಕೋಪಿಪಾಡ್ ತಾನಾಗಿಯೇ ಬರ್ತದಲ್ಲ? ಎರಡು ಇಪ್ಪತ್ತು ಲೀಟರಿನ ಕ್ಯಾನ್, ಅಮ್ಮನ ಹಳೆ ವಾಯಿಲ್ ಸೀರೆಯ ತುಂಡು, ಹೈಡ್ರೋಮೀಟರ್ ಹಿಡ್ಕೊಂಡು ಬಸ್ಸು ಹತ್ತಿದೆ. ಮಂಗಳೂರಿಗೆ ಸುಮಾರು 70 ಕಿ.ಮೀ. ಕಂಡಕ್ಟರು ಕ್ಯಾನ್ ನೋಡಿ "ಸೀಮೆಎಣ್ಣೆಯಾ?" ಅಂತ ಕೇಳಿದ್ರು.

ಉಳ್ಳಾಲದ ಕಡಲು ಕೆಂಪಾಗಿತ್ತು. ದಡದಲ್ಲೇ ಅಲೆ ತಗ್ಗಿದಾಗ ಒಂದು ಬಕೆಟ್ ತುಂಬಿಸಿ ಹೈಡ್ರೋಮೀಟರ್ ಬಿಟ್ಟೆ. ರೀಫ್ ಟ್ಯಾಂಕಿಗೆ 1.025 ಬೇಕು, ಅಂದ್ರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತೋರಿಸಿದ್ದು 1.012. ಅರ್ಧಕ್ಕರ್ಧ ಸಿಹಿನೀರು.

ಅಲ್ಲಿ ನಿಂತು ಲೆಕ್ಕ ಹಾಕಿದೆ. ನೆಲ್ಯಾಡಿಯ ರಬ್ಬರ್ ತೋಟದ ಮೇಲೆ ಬಿದ್ದ ಮಳೆ ತೋಡು ಹಿಡಿದು ಹೊಳೆಗೆ, ಗುಂಡ್ಯದ ನೀರಿನ ಜೊತೆ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕಡೆಗೆ ಇಲ್ಲಿಗೇ ಬರುವುದು. ನಮ್ಮ ಅಂಗಳದ ನೀರನ್ನೇ ಟಿಕೆಟ್ ಕೊಟ್ಟು ವಾಪಸು ತರ್ಲಿಕ್ಕೆ ಹೋಗಿದ್ದೆ ನಾನು.

ಅಂದಿನ ದಿನ ಪೂರ್ತಿ ದಂಡ ಆಗ್ಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು ಗೊತ್ತಲ್ಲ, 1969ರಲ್ಲಿ ಶುರುವಾದದ್ದು. ಅಲ್ಲಿ ಓದುವ ಒಬ್ಬರು ಅಕ್ಕ ನಮ್ಮ ಊರ ಕಡೆಯವರೇ. ಖಾಲಿ ಕ್ಯಾನ್ ಹಿಡ್ಕೊಂಡು ಅವರನ್ನು ನೋಡ್ಲಿಕ್ಕೆ ಹೋದೆ. ಅವರು ನನ್ನ ಫೋನಿನಲ್ಲಿ ಕ್ರಾಪ್ ಮಾಡದ ಫೋಟೋ ನೋಡಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಇದಕ್ಕೆ ಊಟ ತರುವುದಲ್ಲ ತಮ್ಮ, ಬೆಳೆಸ್ಬೇಕು" ಅಂದ್ರು. ಅರ್ಧ ಬಾಟ್ಲಿ ಹಸಿರು ನೀರು, ಒಂದು ಸಣ್ಣ ಡಬ್ಬಿ ಕೋಪಿಪಾಡ್ ಕೊಟ್ರು. ಅಲ್ಲಿವರೆಗೆ ಜೀವ ಹಿಡಿಲಿಕ್ಕೆ ಆರ್ಟೀಮಿಯಾ ಮೊಟ್ಟೆ ಅರಳಿಸು ಅಂತ ಹೇಳಿ ಹೇಗೆ ಅಂತ ಬರೆದೂ ಕೊಟ್ರು.

5/7

ಆರ್ಟೀಮಿಯಾ ಮೊಟ್ಟೆ ನೋಡ್ಲಿಕ್ಕೆ ಕಾಫಿ ಪುಡಿ. ಉಪ್ಪುನೀರಿಗೆ ಹಾಕಿ, ಅಡಿಯಿಂದ ಗಾಳಿ ಬಿಟ್ಟು, ಬಲ್ಬು ಉರಿಸಿಟ್ರೆ ಸುಮಾರು 24 ಗಂಟೆಯಲ್ಲಿ ಕಿತ್ತಳೆ ಬಣ್ಣದ ಮರಿಗಳು. ಗಾಳಿ ನಿಲ್ಲಿಸಿದ್ರೆ ಸಿಪ್ಪೆ ಮೇಲೆ ತೇಲ್ತದೆ. ಕೆಳಗೆ ಟಾರ್ಚ್ ಹಿಡಿದ್ರೆ ಮರಿಗಳು ಬೆಳಕಿಗೆ ಬರ್ತಾವೆ, ಪೈಪಿನಿಂದ ಎಳೆದುಕೊಳ್ಬೇಕು. ಹುಟ್ಟಿದ ಕೂಡಲೇ ತಿನ್ನಿಸ್ಬೇಕು. ತಡ ಮಾಡಿದ್ರೆ ಮೈಯೊಳಗಿನ ಸತ್ವ ಅವೇ ಖರ್ಚು ಮಾಡಿರ್ತಾವೆ.

ಮರಿ ಹಾಕಿದೆ. ಕ್ಲೌನ್‌ಗಳಿಗೆ ಹಬ್ಬ. ನಿಧಾನಿ ಬಣ್ಣು ತಲೆ ಓರೆ ಮಾಡಿ ನೋಡುವಷ್ಟರಲ್ಲಿ ಮುಗೀತು.

ನಾನು ಟ್ಯಾಂಕಿನ ಎದುರು ಕೂತು ಬೈತಿದ್ದೆ, "ಹಠಮಾರಿ, ಸಾಯಿ ಹಾಗಾದ್ರೆ" ಅಂತ. ಅಜ್ಜಿ ಹಿಂದೆ ನಿಂತಿದ್ರು. "ಉಂದೆಕ್ ಬಡವಾಪುಂಡು" ಅಂದ್ರು. ಇದಕ್ಕೆ ಹಸಿವಾಗ್ತಾ ಉಂಟು ಅಂತ. ಹಠ ಅಲ್ಲ, ಹಸಿವು. ಮತ್ತೆ ಕರುವಿನ ವಿಷಯ ತೆಗೆದ್ರು. ನಾನು ಹುಟ್ಟುವ ಮೊದಲು ಮನೆಯಲ್ಲಿ ಒಂದು ದನ ಕರು ಹಾಕಿ ಸತ್ತಿತ್ತಂತೆ. ಕರು ಬಕೆಟಿಗೆ ಬಾಯಿ ಹಾಕ್ಲಿಲ್ಲ. ಅಜ್ಜಿ ಬೆರಳು ಹಾಲಿಗೆ ಅದ್ದಿ ಚೀಪ್ಲಿಕ್ಕೆ ಕೊಟ್ರು, ಚೀಪ್ತಾ ಇರುವಾಗಲೇ ಬೆರಳನ್ನು ಮೆಲ್ಲ ಮೆಲ್ಲ ಬಕೆಟಿಗೆ ಇಳಿಸಿದ್ರು. "ಉಳಿದ ದನಗಳನ್ನು ಆಚೆ ಕಟ್ಟಿ," ಅದನ್ನೂ ಸೇರಿಸಿದ್ರು. "ಎಲ್ಲರೆದುರು ಬಡಿಸಿದ್ರೆ ಮೆತ್ತಗಿನವಕ್ಕೆ ಸಿಕ್ಕುವುದುಂಟಾ?"

ಮರುದಿನ ಅಪ್ಪೆಮಿಡಿ ಉಪ್ಪಿನಕಾಯಿಯ ಗಾಜಿನ ಬಾಟ್ಲಿ ಖಾಲಿ ಮಾಡಿ (ಅಮ್ಮನ ಹತ್ರ ಬೈಸಿಕೊಂಡು) ಮೂರು ದಿನ ನೆನೆಸಿ ತೊಳೆದೆ. ಮರಳಿನ ಮೇಲೆ ಅಡ್ಡ ಮಲಗಿಸಿದೆ. ಮುಚ್ಚಳಕ್ಕೆ ಸಣ್ಣ ತೂತು, ಬಣ್ಣು ನುಗ್ಗುವಷ್ಟು. ಏರ್ ಪಂಪಿನ ಪೈಪಿನಿಂದ ಆರ್ಟೀಮಿಯಾ ಮರಿಗಳನ್ನು ಬಾಟ್ಲಿಯ ಒಳಗೇ ಬಿಟ್ಟೆ. ಕ್ಲೌನ್ ನೀರಿನ ನಡುವೆ ಈಜುವ ಮೀನು, ಗಾಜಿಗೆ ಹೊರಗಿನಿಂದ ಮೂಗು ತಾಗಿಸ್ತಾ ಇತ್ತು. ಬಣ್ಣು ನೆಲದ ಮೇಲೆ ತೆವಳುವಂಥದ್ದು. ತೂತು ನೆಲಕ್ಕೇ ಇತ್ತು.

ಮೊದಲ ದಿನ ಹೋಗ್ಲಿಲ್ಲ. ಎರಡು, ಮೂರು, ನಾಲ್ಕು, ಹೋಗ್ಲಿಲ್ಲ. ಐದನೇ ಸಂಜೆ ಲೈಟ್ ಆರಿಸುವ ಹೊತ್ತಿಗೆ ಮೂತಿ ಒಳಗೆ ಹಾಕಿತು. ಅಲ್ಲೇ ನಿಂತಿತು. ಆಮೇಲೆ ಪೂರ್ತಿ ಒಳಗೆ ಹೋಗಿ ಟಕ್ ಟಕ್ ಅಂತ ಹೆಕ್ಕಲಿಕ್ಕೆ ಶುರು ಮಾಡಿತು. ನಾನು ಎಣಿಸ್ಲಿಲ್ಲ. ಎಣಿಸುವಷ್ಟು ನಿಧಾನ ಇರಲಿಲ್ಲ ಅದು.

6/7

ಇದು ಚಂದ ಇಲ್ಲದ ಫೋಟೋ. ಕಿಟಕಿಯಲ್ಲಿ ಮೂರು ಜ್ಯೂಸ್ ಬಾಟ್ಲಿ, ಒಳಗೆ ಹಸಿರು ನೀರು. ನ್ಯಾನೋಕ್ಲೋರಾಪ್ಸಿಸ್ ಅಂತ ಹೆಸರು. ಒಂದು ಮಿಲಿಮೀಟರಿನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಎರಡು ಮೂರು ಭಾಗದಷ್ಟು ಸಣ್ಣ ಪಾಚಿ. ಅದನ್ನು ಕೋಪಿಪಾಡ್ ತಿಂತದೆ, ಕೋಪಿಪಾಡನ್ನು ಬಣ್ಣು. ಅಂದ್ರೆ ಒಂದು ಮೀನಿಗೆ ಊಟ ಹಾಕ್ಲಿಕ್ಕೆ ಮೊದಲು ಅದರ ಊಟಕ್ಕೆ ಊಟ ಹಾಕ್ಬೇಕು.

ಆಗಸ್ಟಿನ ಕೊನೆಗೆ ಗಾಳಿಮಳೆಗೆ ಎರಡು ದಿನ ಕರೆಂಟ್ ಇಲ್ಲ. ಟ್ಯಾಂಕಿಗೆ ಬ್ಯಾಟರಿ ಪಂಪ್ ಹಾಕಿದೆ. ಬಾಟ್ಲಿಗಳನ್ನು ಅಮ್ಮ ಅಡುಗೆಮನೆಗೆ ಹೋಗುವಾಗ ಬರುವಾಗ ಅಲ್ಲಾಡಿಸಿ ಹೋಗ್ತಿದ್ರು. ಆದ್ರೂ ಒಂದು ಬಾಟ್ಲಿ ಹಳದಿ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬಂತು. ಆಗ ಇದ್ದದ್ದು ಎರಡೇ ಬಾಟ್ಲಿ. ಅದು ಹೋದ್ಮೇಲೆ ಮೊಸರಿನ ಕ್ರಮ ಹಿಡಿದೆ: ಯಾವತ್ತೂ ಪೂರ್ತಿ ಖಾಲಿ ಮಾಡುವುದಿಲ್ಲ, ಹೆಪ್ಪಿಗೆ ಅಂತ ಸ್ವಲ್ಪ ಉಳಿಸುವುದು, ಒಂದು ಬಾಟ್ಲಿ ಫ್ರಿಜ್ಜಿನಲ್ಲಿ ಬೇರೆಯೇ. ಫ್ರಿಜ್ಜಿನದ್ದನ್ನು ಒಮ್ಮೆ ದೊಡ್ಡಮ್ಮ ದೊಡ್ಡಪತ್ರೆ ತಂಬುಳಿ ಅಂತ ಊಟಕ್ಕೆ ತೆಗೆದಿಟ್ಟದ್ದುಂಟು. ಬಡಿಸುವ ಮೊದಲು ನನಗೆ ಕಂಡದ್ದು ಪುಣ್ಯ.

ಕೋಪಿಪಾಡ್‌ಗೆ ಬೇರೆ ಡಬ್ಬಿ. ಟಾರ್ಚ್ ಬಿಟ್ಟು ನೋಡಿದ್ರೆ ಗೋಡೆ ತುಂಬ ಬಿಳಿ ಚುಕ್ಕೆ ಓಡ್ತಾವೆ. ಭಾನುವಾರ ಅರ್ಧ ಡಬ್ಬಿ ಸೋಸಿ, ಕ್ಲೌನ್ ಮಲಗಿದ ಮೇಲೆ ಕತ್ತಲೆಯಲ್ಲಿ ಕಲ್ಲಿನ ಸಂದಿಗೆ ಬಿಡ್ತೇನೆ. ಬಾಟ್ಲಿಯೊಳಗಿನ ಆರ್ಟೀಮಿಯಾಕ್ಕೆ ಈಗ ಫ್ರೋಜನ್ ಮೀನುಮೊಟ್ಟೆ ಸ್ವಲ್ಪ ಸ್ವಲ್ಪ ಬೆರೆಸ್ತಿದ್ದೇನೆ, ಅಜ್ಜಿಯ ಬೆರಳಿನ ಲೆಕ್ಕದಲ್ಲಿ. ಸೆಪ್ಟೆಂಬರ್ ಇಡೀ ಉಗುಳಿತು. ಅಕ್ಟೋಬರಿನಲ್ಲಿ ಹತ್ತರಲ್ಲಿ ಮೂರು ನುಂಗಿತು.

7/7

ನವೆಂಬರಿನಲ್ಲಿ ನಾವೆಲ್ಲ ನಾಲ್ಕು ದಿನ ಟೂರ್ ಹೋದೆವಲ್ಲ. ಬಸ್ಸಿನಲ್ಲಿ ನೀವು ಹಾಡ್ತಿರುವಾಗ ನಾನು ಫೋನು ನೋಡ್ತಾ ಕೂತದ್ದಕ್ಕೆ ಎಂತೆಂತ ಕಥೆ ಕಟ್ಟಿದ್ರಿ ಅಂತ ಗೊತ್ತುಂಟು. ಅದು ಹುಡುಗಿ ಅಲ್ಲ ಮಾರ್ರೆ, ಅಜ್ಜಿ.

ದಿನಕ್ಕೆ ಮೂರು ಸಲ ತಿನ್ನಿಸ್ಬೇಕು. ಅಪ್ಪ ಟ್ಯಾಪಿಂಗಿಗೆ ಹೋಗ್ತಾರೆ, ಅಮ್ಮನಿಗೆ ಪುರುಸೊತ್ತಿಲ್ಲ. ಅಜ್ಜಿಗೆ ಒಂದು ವಾರ ಮೊದಲೇ ಟ್ರೈನಿಂಗ್ ಕೊಟ್ಟೆ. ಸಿಪ್ಪೆ ಮರಿ ಬೇರೆ ಮಾಡುವುದು ನನಗಿಂತ ಚೆನ್ನಾಗಿ ಮಾಡ್ತಾರೆ, ಅಕ್ಕಿ ಆರಿಸಿದ ಕೈ. ಪೈಪಿನ ಬದಲು ಮಗುವಿನ ಔಷಧಿಯ ಡ್ರಾಪರ್ ಕಟ್ಟಿಕೊಂಡ್ರು, ಅದು ಇನ್ನೂ ಒಳ್ಳೇದಾಯ್ತು.

ಒಂದು ಮಾತು ಸರಿಯಾಗಿ ಹೇಳಿಬಿಡ್ತೇನೆ, ಯಾಕಂದ್ರೆ ಮೂರು ಜನ ಜೂನಿಯರ್ಸ್ ಇನ್‌ಬಾಕ್ಸಿನಲ್ಲಿ ಎಲ್ಲಿ ಸಿಗ್ತದೆ ಅಂತ ಕೇಳಿದ್ದಾರೆ. ತರಬೇಡಿ. ಸಣ್ಣ ಟ್ಯಾಂಕಿಗೆ ಇದನ್ನು ತಂದದ್ದು ನನ್ನ ತಪ್ಪು, ಈಗ ಬದುಕಿದೆ ಅಂತ ಅದು ಸರಿ ಆಗುವುದಿಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ಮ್ಯಾಂಡರಿನ್ ಹೊರದೇಶದಲ್ಲಿ ಸಿಗ್ತದೆ, ಅವು ಹಾಕಿದ್ದನ್ನು ತಿನ್ನುವುದು ಜಾಸ್ತಿ. ನನ್ನದು ಕಡಲಿಂದ ಹಿಡಿದದ್ದು. ಒಂದು ವಾರ ನಾನು ಉದಾಸೀನ ಮಾಡಿದ್ರೆ ಹೊಟ್ಟೆ ವಾಪಸು ಒಳಗೆ ಹೋಗ್ತದೆ. ಫೈನಲ್ ಇಯರ್ ಮುಗಿದು ನಾನು ಊರು ಬಿಟ್ರೆ ಇದು ಎಲ್ಲಿಗೆ ಹೋಗ್ಬೇಕು ಅಂತ ಈಗಲೇ ಹುಡುಕ್ತಿದ್ದೇನೆ. ಮಂಗಳೂರಿನ ಆ ಅಕ್ಕನಿಗೆ ಪರಿಚಯದವರದ್ದು ದೊಡ್ಡ ಟ್ಯಾಂಕು ಒಂದು ಉಂಟಂತೆ. ನೋಡ್ಬೇಕು. ಅಜ್ಜಿಗೆ ಇನ್ನೂ ಹೇಳಿಲ್ಲ.

ಕೊನೆಯ ಫೋಟೋ ಟೂರಿನ ಮೂರನೇ ದಿನ ಅಜ್ಜಿ ತೆಗೆದದ್ದು. ಅರ್ಧ ಫ್ರೇಮಿನಲ್ಲಿ ಅವರ ಹೆಬ್ಬೆರಳು, ಉಳಿದರ್ಧ ಮಸುಕು. ಆದ್ರೆ ಬಾಟ್ಲಿಯೊಳಗೆ ನೋಡಿ, ಝೂಮ್ ಮಾಡಿ. ಹೊಟ್ಟೆ ಬದಿಗೆ ಉಬ್ಬಿದೆ. ಇದರ ಜೊತೆ ಒಂದು ವಾಯ್ಸ್ ಮೆಸೇಜ್ ಬಂದಿತ್ತು, ಹನ್ನೊಂದು ಸೆಕೆಂಡಿನದ್ದು: "ಬೆಳಿಗ್ಗೆ ತಿಂದಾಯ್ತು. ನೀನು ತಿಂದಿಯಾ ಮಗಾ?"

ಈ ಸಲ ಕ್ರಾಪ್ ಮಾಡಿಲ್ಲ.