ಎಕ್ಸ್‌ರೇ ಕ್ಲೀನ್ ಇತ್ತು, ಜ್ವರ ಇಳಿಯಲಿಲ್ಲ

ಎಕ್ಸ್‌ರೇಯಲ್ಲಿ ಕಾಣೋ ಬಿಳಿ ಮಚ್ಚೆಯೇ ರೋಗಾಣು ಅಂತ ಎಷ್ಟೋ ಜನ ಅಂದ್ಕೊಂಡಿರ್ತೀವಿ. ಬಹುಮಟ್ಟಿಗೆ ಅದು ರೋಗಾಣುವಿನ ಮೇಲೆ ಮುಗಿಬಿದ್ದ ನಮ್ಮದೇ ಬಿಳಿ ರಕ್ತಕಣ, ಕೀವು, ನೀರು. ಯುದ್ಧದ ಧೂಳು ಅನ್ನಿ. ಸೈನಿಕರೇ ಇಲ್ಲದಿದ್ದರೆ ಧೂಳೂ ಅಷ್ಟಾಗಿ ಏಳಲ್ಲ.

ಲ್ಯುಕೇಮಿಯಾಗೆ ಕೀಮೋ ತಗೊಂಡ ನಮ್ಮಕ್ಕನಿಗೆ ಆದದ್ದು ಇದೇ. ನ್ಯೂಟ್ರೋಫಿಲ್ ಅನ್ನೋ ಬಿಳಿಕಣ ಮೈಕ್ರೋಲೀಟರ್‌ಗೆ 1500ಕ್ಕಿಂತ ಹೆಚ್ಚಿರಬೇಕು, 500ಕ್ಕಿಂತ ಕೆಳಗಿಳಿದರೆ ಅಪಾಯ. ಅವಳದು 100 ಕೂಡ ಇರಲಿಲ್ಲ. ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟರೂ ಜ್ವರ ಜಗ್ಗಲಿಲ್ಲ. ಎಕ್ಸ್‌ರೇ ಮಾತ್ರ ಕ್ಲೀನ್. "ಎದೇಲಿ ಏನೂ ಇಲ್ವಂತೆ" ಅಂತ ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿದಳು. ಡಾಕ್ಟರ್ ಅದೇ ಸಂಜೆ ಸಿಟಿ ಸ್ಕ್ಯಾನ್ ಬರೆದರು. ನನ್ನ ಕೆಲಸದ ಭಾಷೇಲಿ ಹೇಳೋದಾದ್ರೆ, ಲಾಗ್ ಬರೆಯೋ ಪ್ರೋಗ್ರಾಮೇ ನಿಂತುಹೋಗಿದ್ದಾಗ ಲಾಗ್‌ನಲ್ಲಿ ಎರರ್ ಇಲ್ಲ ಅನ್ನೋದಕ್ಕೆ ಬೆಲೆಯಿಲ್ಲ.

ಸಿಟಿಯಲ್ಲಿ ಬಲ ಶ್ವಾಸಕೋಶದಲ್ಲೊಂದು ಗಂಟು, ಸುತ್ತ ಚಂದ್ರನಿಗೆ ಕಟ್ಟೋ ಬಳೆಯಂಥ ಮಸುಕು. ಹೇಲೋ ಸೈನ್ ಅಂತಾರೆ. ಇಂಥ ರೋಗಿಯಲ್ಲಿ ಇದು ಕಂಡರೆ ಮೊದಲ ಅನುಮಾನ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಮೇಲೆ. ಅದರ ಬೀಜಕಣ ನಾವೆಲ್ಲ ದಿನಾ ಉಸಿರಾಡ್ತೀವಿ, ನಮಗೇನೂ ಆಗಲ್ಲ. ತಡೆಯೋರಿಲ್ಲದ ಕಡೆ ಅದು ರಕ್ತನಾಳಕ್ಕೇ ನುಗ್ಗುತ್ತೆ. ಆ ಮಸುಕು ಅಂದ್ರೆ ಸುತ್ತ ಒಸರಿದ ರಕ್ತ. ರಕ್ತಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ರಾತ್ರಿಯೇ ವೋರಿಕೊನಜೋಲ್ ಶುರುಮಾಡಿದರು. ಆ ಔಷಧದಿಂದ ಅಕ್ಕನಿಗೆ ಎರಡು ದಿನ ಬಣ್ಣಗಳೆಲ್ಲ ವಿಚಿತ್ರವಾಗಿ ಕಂಡವು. ನರ್ಸಮ್ಮನ ನೀಲಿ ಸೀರೆ ಹೊಳೀತಿದೆ ಅಂತಿದ್ದಳು!

ನಮ್ಮನ್ನು ನಿಜಕ್ಕೂ ನಡುಗಿಸಿದ್ದು ಹತ್ತು ದಿನದ ನಂತರದ ಸ್ಕ್ಯಾನ್. ಜ್ವರ ಇಳಿದಿತ್ತು, ಕೌಂಟ್ 900ಕ್ಕೆ ಏರಿತ್ತು, ಗಂಟು ಮಾತ್ರ ಮೊದಲಿಗಿಂತ ದೊಡ್ಡದು. ಭಾವ ಫಿಲ್ಮ್ ಹಿಡ್ಕೊಂಡು ಗೋಡೆಗೆ ಒರಗಿಬಿಟ್ಟರು. ಸೈನಿಕರು ವಾಪಸ್ ಬಂದಾಗ ಚಿತ್ರ ಹೀಗೆ ಕೆಡೋದು ಸಾಮಾನ್ಯ, ಔಷಧ ಬದಲಿಸೋ ಕಾರಣ ಇಲ್ಲ ಅಂದರು ಡಾಕ್ಟರ್. ಆದರೆ ಇದೇ ಹೊತ್ತಲ್ಲಿ ಕೆಮ್ಮಿನಲ್ಲಿ ರಕ್ತ ಬರೋ ಭಯವೂ ಇರುತ್ತಂತೆ. ಆ ವಾರ ಅಕ್ಕ ಕೆಮ್ಮಿದಾಗೆಲ್ಲ ನಮ್ಮ ಕಣ್ಣು ಅವಳ ಕರ್ಚೀಫಿನ ಮೇಲೆ.

ಮುಂದಿನ ಸ್ಕ್ಯಾನಿನಲ್ಲಿ ಗಂಟಿನ ಅಂಚಿಗೆ ಬಿದಿಗೆ ಚಂದ್ರನಂಥ ಕಪ್ಪು ಗೆರೆ. ಸತ್ತ ಭಾಗ ಕುಗ್ಗಿ, ಆ ಸಂದಿಗೆ ಗಾಳಿ ಸೇರಿತ್ತು.

ಕೀಮೋ ಇನ್ನೂ ಎರಡು ಸುತ್ತು ಇದೆ. ಗೋಡೆ ಒಡೆಯೋ ಧೂಳಲ್ಲಿ ಈ ಬೀಜಕಣ ಹೆಚ್ಚು, ಹಾಗಾಗಿ ಅಡುಗೆಮನೆ ರಿಪೇರಿ ನಿಲ್ಲಿಸಿದ್ದೀವಿ. ಕುಂಡದ ಮಣ್ಣೂ ಬೇಡ ಅಂದಿದ್ದಕ್ಕೆ ಅಮ್ಮ ತುಳಸಿಯನ್ನು ಪಕ್ಕದ ಮನೆ ಕಾಂಪೌಂಡಲ್ಲಿ ಇಟ್ಟಿದ್ದಾಳೆ, ಬೆಳಗ್ಗೆ ಅಲ್ಲಿಗೇ ಹೋಗಿ ನೀರು ಹಾಕಿ ಬರ್ತಾಳೆ.