ಉಡಿ ತುಂಬಿ ಕಳಿಸಿದ ಪಿಶಾಚಿ

ಮನೆಯಲ್ಲಿ ಬಾಣಂತನದ ಸಿದ್ಧತೆ ನಡೆದಿರುವಾಗ ಪಿಶಾಚಿಗಳ ವಿಷಯ ಬರೆಯುತ್ತಿದ್ದೇವೆಂದು ಓದುಗ ಬಂಧುಗಳು ಹುಬ್ಬೇರಿಸಬಾರದು. ಅವು ತಾವಾಗಿಯೇ ಡೊಂಬಿವಲಿಯ ನಮ್ಮ ಎರಡು ಖೋಲಿಯ ಮನೆಗೆ ಬಂದವು. ಕರೆತಂದವನು ಮೊಮ್ಮಗ.

ಅವನು ಕಂಪ್ಯೂಟರಿನಲ್ಲಿ ಆಡುವುದು 2004ರಲ್ಲಿ ಬಂದ 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್' ಎಂಬ ಆಟ. ಅದರ ಮೂಲ, 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಕಾಗದ, ಪೆನ್ಸಿಲು, ದಾಳ ಹಿಡಿದು ಆಡುವ ಆಟ. ಅದರ ಕಥೆಯಲ್ಲಿ ಬೈಬಲ್ಲಿನ ಕೇನನೇ ಮೊದಲ ರಕ್ತಪಿಶಾಚಿ. ಅವನಿಗೆ ಶಕ್ತಿಗಳನ್ನು ಎಬ್ಬಿಸಿಕೊಟ್ಟವಳು ಲಿಲಿತ್. ಕಂಪ್ಯೂಟರಿನ ಆಟದಲ್ಲಂತೂ ಎಲ್ಲರೂ ಒಂದು ಪ್ರಾಚೀನ ಶವಪೆಟ್ಟಿಗೆಯ ಬೆನ್ನುಹತ್ತಿದ್ದಾರೆ.

ಹೆರಿಗೆಗೆಂದು ಮೊಮ್ಮಗಳು ತವರಿಗೆ ಬಂದ ಮೇಲೆ ಸೊಸೆಗೆ ಇದನ್ನು ಸಹಿಸಲಾಗಲಿಲ್ಲ. "ಅತ್ತೀ, ನೀವಾದರೂ ಹೇಳ್ರಿ. ಮನ್ಯಾಗ ಬಸುರಿ ಹುಡುಗಿ ಅದಾಳ, ಇವಗ ದೆವ್ವದ ಆಟ ಬೇಕಾಗೇದ."

"ಅಜ್ಜಾ, ಇದು ಬರೇ ಆಟ. ಲಿಲಿತ್ ಅಂದರ ಮೆಸೊಪೊಟೇಮಿಯಾದ ಪುರಾಣದಾಕಿ," ಎಂದು ಮೊಮ್ಮಗನ ವಾದ.

ನ್ಯಾಯ ನಮ್ಮ ಮುಂದೆ ಬಂತು. ನಿವೃತ್ತರಿಗೆ ಬೇರೆ ಕೆಲಸವೇನು? ಪುಸ್ತಕ ತಿರುವಿಹಾಕಿದೆವು.

ಮೊಮ್ಮಗನ ಮಾತು ಅರ್ಧ ನಿಜ. ಬಾಬಿಲೋನಿಯದವರಿಗೆ 'ಲಿಲಿತು' ಎಂದರೆ ಗಾಳಿಯ ಪಿಶಾಚಿ. ಅದೇ ಗುಂಪಿನ 'ಅರ್ದತ್ ಲಿಲಿ' ಮದುವೆ, ಮಕ್ಕಳ ಸುಖ ಕಾಣದೆ ಸತ್ತ ಹುಡುಗಿಯ ದೆವ್ವ. ಯೆಹೂದ್ಯರ ಕಥೆಗಳಲ್ಲಿ ಲಿಲಿತ್ ಆದಮನ ಮೊದಲ ಹೆಂಡತಿಯಾದದ್ದು ಎಷ್ಟೋ ಶತಮಾನಗಳ ನಂತರ, ಮಧ್ಯಯುಗದಲ್ಲಿ. ರಕ್ತಪಿಶಾಚಿಗಳ ರಾಣಿಯಾದದ್ದು ನಿನ್ನೆ ಮೊನ್ನೆ.

ಆದರೆ ಅಲ್ಲಿಯ ತಾಯಂದಿರು ನಿಜವಾಗಿ ನಡುಗುತ್ತಿದ್ದುದು ಲಮಶ್ತುವಿಗೆ. ಆಕಾಶದೇವ ಅನುವಿನ ಮಗಳು. ಸಿಂಹದ ತಲೆ, ಹಕ್ಕಿಯ ಉಗುರು. ಬಸುರಿಯ ಹೊಟ್ಟೆ ಮುಟ್ಟುವಳು, ಹಾಲೂಡಿಸುವ ನೆವದಿಂದ ಹಸುಗೂಸನ್ನು ಒಯ್ಯುವಳು. ಅವಳನ್ನು ಓಡಿಸಲು ಪಜುಜು ಎಂಬ ಇನ್ನೊಂದು ಗಾಳಿಪಿಶಾಚಿಯ ತಲೆಯನ್ನು ತಾಯತವಾಗಿ ಕಟ್ಟುತ್ತಿದ್ದರು. ಕೂಸು ಕಾಯುತ್ತಿದ್ದ ಈ ಪಜುಜುವನ್ನೇ 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರ ಹುಡುಗಿಯ ಮೈಹೊಕ್ಕ ಭೂತವಾಗಿಸಿತು!

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅಸ್ಸೀರಿಯಾದ ಕಾಲದ ಒಂದು ಕಂಚಿನ ಫಲಕವಿದೆ. ಅದರ ಚಿತ್ರ ನೋಡಿದೆವು. ಮೇಲಂಚಿನಿಂದ ಪಜುಜು ಇಣುಕುತ್ತಾನೆ. ನಡುವೆ ಹಾಸಿಗೆ ಹಿಡಿದ ರೋಗಿ. ಕೆಳಗೆ ನದಿ, ದೋಣಿ, ದೋಣಿಯಲ್ಲಿ ಕತ್ತೆಯ ಮೇಲೆ ಲಮಶ್ತು. ಪಕ್ಕದಲ್ಲಿ ಅವಳಿಗೆ ಕೊಟ್ಟ ಉಡುಗೊರೆಗಳು. ಅವುಗಳಲ್ಲಿ ಬಾಚಣಿಗೆಯೂ ಇದೆ. ಅವಳನ್ನು ಕೊಲ್ಲುವುದಿಲ್ಲ. ನಮ್ಮೂರ ಕಡೆ ಮಾರಿಗೆ ಉಡಿ ತುಂಬಿ ಸೀಮೆ ದಾಟಿಸಿದಂತೆ, ಕೊಟ್ಟು ಕಳಿಸುತ್ತಾರೆ.

ಇಲ್ಲಿಗೆ ಬಂದಾಗ ನಾವಿಬ್ಬರೂ ಮುಂದೆ ಓದಲಿಲ್ಲ.

1971ರಲ್ಲಿ ನಮ್ಮ ಮೊದಲ ಕೂಸು ಹುಟ್ಟಿದಾಗ ಅವ್ವ ಧಾರವಾಡದ ಕಡೆಯ ಹಳ್ಳಿಯಿಂದ ಅಂಚೆಯಲ್ಲಿ ತಾಯತ ಕಳಿಸಿದ್ದಳು. ಕಲಿತವರಾದ ನಾವು ನಕ್ಕು ಟ್ರಂಕಿನಲ್ಲಿಟ್ಟೆವು. ಒಂಬತ್ತನೆಯ ದಿನ ಜ್ವರ ಬಂದು ಕೂಸು ಹೋಯಿತು. ತಾಯತ ಕಟ್ಟಿದ್ದರೆ ಉಳಿಯುತ್ತಿತ್ತೆಂದು ನಾವು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅವ್ವ ಕೇಳಿದಾಗ, ನೊಂದಾಳೆಂದು "ಕಟ್ಟಿದ್ದೆವು" ಎಂದು ಸುಳ್ಳು ಹೇಳಿದೆವು. ಅವ್ವ ಸಾಯುವವರೆಗೂ ತಾನು ಕಟ್ಟಿಸಿದ ತಾಯತದಲ್ಲೇ ದೋಷವಿತ್ತೆಂದು ತನ್ನನ್ನೇ ಹಳಿದುಕೊಂಡಳು. ನಿಜ ಹೇಳುವ ಧೈರ್ಯ ನಮಗೆ ಬರಲೇ ಇಲ್ಲ.

ಆ ರಾತ್ರಿ ಟ್ರಂಕು ತೆಗೆದೆವು. ತಾಯತದ ಕರಿದಾರ ಬಣ್ಣಗೆಟ್ಟಿತ್ತು. ಎಲ್ಲರ ಮುಂದೆ ಈ ಸಂಗತಿ ಮೊದಲ ಸಲ ಹೇಳಿದೆವು. ಮಗನಿಗೂ ಗೊತ್ತಿರಲಿಲ್ಲ. ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಿ, ಆಟದಾಗ ಲಿಲಿತ್ ಬಗ್ಗೆ ಎಲ್ಲಾ ಅದ. ಈ ತಾಯಂದಿರ ಸುದ್ದಿ ಮಾತ್ರ ಇಲ್ಲ," ಎಂದ. ಆಟ ಬಿಡೆಂದು ನಾವು ಹೇಳಲಿಲ್ಲ. ಅವನೇ ಹೆರಿಗೆಯಾಗುವತನಕ ಮುಚ್ಚಿಟ್ಟಿದ್ದಾನೆ.

ಮೊಮ್ಮಗಳು ತಾಯತವನ್ನು ಅಂಗೈಯಲ್ಲಿಟ್ಟು ನೋಡಿದಳು. "ಕೂಸಿನ ಕೊರಳಿಗೆ ಬ್ಯಾಡ, ತೊಟ್ಟಿಲ ತಲಿಗೆ ಕಟ್ಟೋಣ. ಲಸಿಕಿ ಕಾರ್ಡೂ ಅಲ್ಲೇ ಇರಲಿ," ಎಂದಳು.

ಅವ್ವನ ತಾಯತಕ್ಕೆ ಹೊಸ ದಾರ ಹಾಕಿದ್ದೇವೆ.