ದವಾಖಾನೆಗೊಂದು ಪಡಸಾಲೆ

ನಮ್ಮ ಕಡೆ ಒಬ್ಬರಿಗೆ ಜಡ್ಡಾದರೆ ದವಾಖಾನೆಗೆ ಹೋಗುವವರು ಒಬ್ಬರೇ ಅಲ್ಲ. ಕೂಡ್ಲಿಗಿ ಇರಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವುದೇ ಇರಲಿ, ಹಾಸಿಗೆ ಹಿಡಿದವನ ಜೊತೆ ಹೆಂಡತಿ, ತಾಯಿ, ಸೋದರಮಾವ, ಓಣಿಯ ಹಿರಿಯರೊಬ್ಬರು, ರೊಟ್ಟಿ ಬುತ್ತಿ, ಕಂಬಳಿ ಎಲ್ಲ ಹೊರಡುತ್ತವೆ. ಕಟ್ಟಡದ ನಕ್ಷೆ ಬರೆಯುವುದು ನನ್ನ ಕಸುಬು. ಆಸ್ಪತ್ರೆಯ ನಕ್ಷೆ ಯಾವುದು ಕೈಗೆ ಬಂದರೂ ಮೊದಲು ಹುಡುಕುವುದು ಇವರ ಜಾಗವನ್ನೇ. ಹೊರರೋಗಿ ವಿಭಾಗ, ಎಕ್ಸ್‌ರೇ ಕೋಣೆ, ಔಷಧಿ ಕೌಂಟರು ಎಲ್ಲ ಇರುತ್ತವೆ. ಸೋದರಮಾವ ಎಲ್ಲಿ? ರಾತ್ರಿ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು ಮಲಗಿದ್ದಾನೆ. ನನಗಿದು ಸರಿಕಾಣುವುದಿಲ್ಲ.

ಮಲಗುವ ಮಾತು ಬಂತು ನೋಡಿ, ನಮ್ಮ ಹಳೆಯ ಮಾಳಿಗೆ ಮನೆಗಳ ಸುದ್ದಿ ಹೇಳಲೇಬೇಕು. ದಪ್ಪ ಗೋಡೆ, ಮೇಲೆ ಮಣ್ಣು, ನಡುವೆ ಬೆಳಕಿಗೊಂದು ಗವಾಕ್ಷಿ. ಏಪ್ರಿಲ್ಲಿನ ನಡುಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿದ್ದರೂ ಒಳಗೆ ತಲೆ ಊರಿದರೆ ನಿದ್ದೆ. ಅಂಥ ಮನೆಯಿಂದ ಬಂದ ಬಾಣಂತಿಯನ್ನು ಎಷ್ಟೋ ಕಡೆ ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ, ಪಡುವಣಕ್ಕೆ ಗಾಜು ಹಾಕಿದ ವಾರ್ಡಿನಲ್ಲಿ ಮಲಗಿಸುತ್ತೇವೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಹಾಗೆಂದು ದವಾಖಾನೆಗೆ ಮಣ್ಣಿನ ಮಾಳಿಗೆ ಹಾಕಿ ಅನ್ನುತ್ತಿಲ್ಲ. ಕಟ್ಟಡ ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಮಲಗಲಿ, ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ತೆರೆಯಲಿ, ಸಜ್ಜಾ ಅಗಲವಿರಲಿ, ಛಾವಣಿಗೆ ಬಿಳಿ ಸುಣ್ಣವಿರಲಿ. ಇಷ್ಟಕ್ಕೆ ದುಡ್ಡು ಹೆಚ್ಚು ಬೇಡ. ನಕ್ಷೆ ಬರೆಯುವಾಗ ಸೂರ್ಯನನ್ನು ನೆನೆದರೆ ಸಾಕು.

ಇದನ್ನೇನು ನಾನು ಕಂಡುಹಿಡಿದೆನೇ? ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆಗಳ ಮೇಲೇ ಒಂದು ಪುಸ್ತಕ ಬರೆದಳು. ಉದ್ದನೆಯ ವಾರ್ಡು, ಎರಡೂ ಬದಿಗೆ ಎದುರುಬದುರು ಕಿಟಕಿ, ಗಾಳಿ ಅಡ್ಡಹಾಯಬೇಕು ಎಂದು ಹಟ ಹಿಡಿದಳು. ನಮ್ಮ ಮೈಸೂರಿನಲ್ಲೇ 2013ರಲ್ಲಿ ನಾರಾಯಣ ಹೃದಯಾಲಯದವರು ಕಡಿಮೆ ಖರ್ಚಿನ ಆಸ್ಪತ್ರೆ ಕಟ್ಟಿದಾಗ ಎಸಿಯನ್ನು ಆಪರೇಷನ್ ಥಿಯೇಟರು, ಐಸಿಯುನಂಥ ಕಡೆಗಷ್ಟೇ ಇಟ್ಟು ವಾರ್ಡುಗಳನ್ನು ಗಾಳಿಗೆ ಬಿಟ್ಟರು. ರೋಗಿಯ ಜೊತೆ ಬಂದವರಿಗೆ ಆರೈಕೆಯ ಪಾಠ ಹೇಳಿಕೊಟ್ಟರು. ನಮ್ಮ ಸೋದರಮಾವನಿಗೂ ಒಂದು ಕೆಲಸ, ಒಂದು ಮರ್ಯಾದೆ!

ದೂರದ ಫಿನ್‌ಲ್ಯಾಂಡಿನ ಮಾತೊಂದು ಹೇಳಿಬಿಡುತ್ತೇನೆ, ಬೇಸರವಿಲ್ಲ ತಾನೆ? ಆಲ್ವಾರ್ ಆಲ್ಟೊ ಎಂಬ ವಾಸ್ತುಶಿಲ್ಪಿ ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳಿಗಾಗಿ ಕಟ್ಟಿದ ಆಸ್ಪತ್ರೆ 1933ರಲ್ಲಿ ತೆರೆಯಿತು. ಒಂದು ಕೋಣೆಗೆ ಇಬ್ಬರು ರೋಗಿಗಳು. ಒಬ್ಬ ಕೈ ತೊಳೆದರೆ ಇನ್ನೊಬ್ಬನ ನಿದ್ದೆ ಕೆಡಬಾರದೆಂದು ನೀರು ಸದ್ದಿಲ್ಲದೆ ಜಾರುವಂಥ ಬೇಸಿನ್ ಮಾಡಿಸಿದ. ಮಲಗಿದವನ ಕಣ್ಣೆದುರಿಗೆ ದಿನವಿಡೀ ಇರುವುದು ಸೂರು ತಾನೇ, ಅದಕ್ಕೆ ಕಣ್ಣು ಕುಕ್ಕದ ತಂಪು ಬಣ್ಣ ಬಳಿಸಿದ. ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ. ಅವನು ನಕ್ಷೆಯನ್ನು ಮಂಚದ ಮೇಲಿಂದ ನೋಡಿದ.

ನಮ್ಮಲ್ಲಿ ಮಂಚದ ಜೊತೆಗೆ ಜಾತ್ರೆಯನ್ನೂ ನೋಡಬೇಕು. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರ್ಣಿಕ ಕೇಳಲು ಲಕ್ಷಗಟ್ಟಲೆ ಜನ. ಕೊಟ್ಟೂರೇಶ್ವರನ ತೇರಿಗೂ ಅಷ್ಟೇ ಗದ್ದಲ. 2017ರ ಫೆಬ್ರವರಿಯಲ್ಲಿ ಆ ತೇರೇ ಉರುಳಿ ಜನರಿಗೆ ಗಾಯವಾಯಿತಲ್ಲ, ಅಂಥ ಸಂಜೆ ಹತ್ತಾರು ಜನ ಒಟ್ಟಿಗೆ ಬಂದರೆ ಎಲ್ಲಿ ಮಲಗಿಸುವುದು? ಅದಕ್ಕೇ ಅನ್ನುವುದು, ಪ್ರತಿ ತಾಲೂಕು ದವಾಖಾನೆಗೂ ಅಗಲವಾದ, ನೆರಳಿನ ಪಡಸಾಲೆ ಬೇಕು. ಗೋಡೆಯಲ್ಲಿ ಆಮ್ಲಜನಕದ ಕೊಳವೆ, ಸಲೈನ್ ತೂಗುಹಾಕಲು ಕೊಕ್ಕೆ, ಹತ್ತಿರದಲ್ಲೇ ನೀರಿನ ನಲ್ಲಿ ಮೊದಲೇ ಇದ್ದರೆ ಸೋದರಮಾವಂದಿರ ಪಡಸಾಲೆ ಒಂದೇ ಗಳಿಗೆಯಲ್ಲಿ ವಾರ್ಡಾಗುತ್ತದೆ.

ಇಲ್ಲದಿದ್ದರೆ ಏನಾಗುತ್ತದೆ, ಗೊತ್ತೇ ಇದೆ. ಆಂಬುಲೆನ್ಸು ಬಳ್ಳಾರಿಯ ದೊಡ್ಡಾಸ್ಪತ್ರೆಗೋ ದಾವಣಗೆರೆಗೋ ಓಡುತ್ತದೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಎಂದೇ ಹೆಸರು. ಚಿಗಟೇರಿ ಅನ್ನುವ ಊರು ಇರುವುದು ಹರಪನಹಳ್ಳಿ ತಾಲೂಕಿನಲ್ಲಿ! ನಮ್ಮೂರ ಹೆಸರಿನ ಆಸ್ಪತ್ರೆಗೆ ನಾವು ಜಿಲ್ಲೆ ದಾಟಿ ಹೋಗುತ್ತೇವೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗಲಿ, ಬೇಡ ಅನ್ನುವುದಿಲ್ಲ. ಶೇಂಗಾ ಹೊಲದಲ್ಲಿ ಹಾವು ಕಚ್ಚಿದವನು, ಗುಡೇಕೋಟೆ ಕಡೆ ಕರಡಿ ಪರಚಿದವನು ಮೊದಲ ಚಿಕಿತ್ಸೆಗೆ ಅಷ್ಟು ದೂರ ಹೋಗಬಾರದು. ತುರ್ತು ಚಿಕಿತ್ಸೆಯ ಬಾಗಿಲು ರಸ್ತೆಗೇ ಕಾಣಬೇಕು, ಕತ್ತಲಲ್ಲೂ ಕಾಣಬೇಕು.

ಬಾಗಿಲು ಅಂದಾಗ ಇನ್ನೊಂದು. ರೋಗಿಗಳ ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ, ತಲೆಸುತ್ತಿ ಬಿದ್ದ ಅಜ್ಜಿಯ ಮೈಯೇ ಅಡ್ಡವಾಗಿ ಯಾರೂ ಒಳಹೋಗಲಾಗದು. ಇಂಥದ್ದು ಗೊತ್ತಿರುವುದು ರಾತ್ರಿ ಪಾಳಿಯ ನರ್ಸುಗಳಿಗೆ, ನೆಲ ಒರೆಸುವ ಆಯಾಗಳಿಗೆ. ನೀರು ಎಲ್ಲಿ ನಿಲ್ಲುತ್ತದೆ, ಸ್ಟ್ರೆಚರ್ ಯಾವ ತಿರುವಿನಲ್ಲಿ ತಗಲುತ್ತದೆ ಎಂದು ಹೇಳಬಲ್ಲವರೂ ಅವರೇ. ಕಟ್ಟಿದ ಮೇಲೆ ಅದನ್ನು ನಡೆಸುವವರು ಅವರಲ್ಲವೇ?

ಹಾಗಾಗಿ ನಿಮ್ಮೂರಿಗೆ ಹೊಸ ಆಸ್ಪತ್ರೆ ಮಂಜೂರಾದರೆ, ಭೂಮಿಪೂಜೆಗೆ ಮೊದಲು ನಕ್ಷೆಯನ್ನು ಅವರ ಮುಂದೆ ಹರಡಿಸಿ. ಅವರು ಹೇಳಿದ ತಿದ್ದುಪಡಿ ಆದ ಮೇಲೆ ಅಡಿಗಲ್ಲು ಹಾಕಲಿ.